ಧಾರವಾಡದಿಂದ ಉಡುಪಿಗೆ: ಹಂಚು, ಕಾಯಿತುರಿ, ಬೆಳೆಹಬ್ಬ

ಬುಧವಾರ

ಮರವಂತೆ ಬಂದಾಗ ಬೆಳಕು ಹರಿಯುತ್ತಿತ್ತು. ಬಲಕ್ಕೆ ಸಮುದ್ರ, ಎಡಕ್ಕೆ ಸೌಪರ್ಣಿಕಾ ನದಿ, ನಡುವೆ ಹೆದ್ದಾರಿ. ರಾತ್ರಿಯೆಲ್ಲ ಅರಬೈಲ್ ಘಟ್ಟದ ತಿರುವುಗಳಲ್ಲಿ ನಿದ್ದೆಗೆಟ್ಟವರೂ ಎದ್ದು ಕಿಟಕಿಗೆ ಮುಖ ಹಚ್ಚಿ ಕೂತರು. ಧಾರವಾಡದ ಕಡೆ ಹುಟ್ಟಿ ಬೆಳೆದವರಿಗೆ ಇಷ್ಟು ನೀರನ್ನು ಒಟ್ಟಿಗೆ ನೋಡೋದೇ ಅಪರೂಪ.

ನಮ್ಮ ಸಭೆಯ, ಅಂದರೆ ನಮ್ಮ ಚರ್ಚಿನ, ಯುವಜನರು ಬೇರೆ ಊರಿನ ಸಭೆಗೆ ಹೋಗಿ, ಕೆಲವು ದಿನ ಅಲ್ಲೇ ಇದ್ದು, ಕೈಲಾದ ಕೆಲಸ ಮಾಡಿ ಬರೋದು ಮೊದಲಿನಿಂದ ಬಂದ ರೂಢಿ. ಈ ಸಲ ಕರೆದವರು ಉಡುಪಿ ಮತ್ತು ಮಲ್ಪೆ ನಡುವಿನ ಒಂದು ಸಣ್ಣ ಸಭೆಯವರು. ಅವರ ಸಂಡೇ ಸ್ಕೂಲ್ ಕಟ್ಟಡ ಹಳೆಯದು, ಮಳೆಗಾಲದಲ್ಲಿ ಸೋರಿತ್ತು. ಹಂಚು ಇಳಿಸಿ, ಒಡೆದದ್ದನ್ನು ಬದಲಿಸಿ, ಗೋಡೆಗೆ ಸುಣ್ಣ ಬಳಿಯಬೇಕು. ಭಾನುವಾರ ಬೆಳೆಹಬ್ಬ. ಅಷ್ಟರೊಳಗೆ ಎಲ್ಲ ಮುಗಿಯಬೇಕು. ಮುಂಗಾರು ಮುಗಿದು, ಗದ್ದೆ ಕೊಯ್ಲೂ ಆಗಿ, ಬಿಸಿಲು ಏರುತ್ತಿದ್ದ ನವೆಂಬರ್ ಅದು.

ಬಸ್ಸಿನ ಡಿಕ್ಕಿಯಲ್ಲಿ ನಮ್ಮ ಬ್ಯಾಗುಗಳ ಜೊತೆ ಧಾರವಾಡ ಪೇಡೆಯ ಡಬ್ಬಿಗಳಿದ್ದವು. ಬ್ಯಾಡಗಿ ಮೆಣಸಿನಕಾಯಿ ತುಂಬಿದ ಒಂದು ಚೀಲ ಇತ್ತು. ಬರಿಗೈಯಲ್ಲಿ ಹೋಗಬಾರದು ಅಂತ ನಮ್ಮ ಸ್ತ್ರೀ ಸಂಘದವರು ಕಟ್ಟಿಕೊಟ್ಟಿದ್ದು.

ಚರ್ಚಿನ ಅಂಗಳದಲ್ಲಿ ಬಸ್ಸು ನಿಂತಾಗ ಅವರೆಲ್ಲ ಗೇಟಿನ ಹತ್ತಿರವೇ ನಿಂತಿದ್ದರು. ಸಭಾಪಾಲಕರು, ಸಭೆಯ ಹಿರಿಯರು, ಶಾಲೆಗೆ ಹೊರಟ ಮಕ್ಕಳು. ಹಾರ ಇಲ್ಲ, ಭಾಷಣ ಇಲ್ಲ. ಒಂದು ತಟ್ಟೆಯಲ್ಲಿ ಬೆಲ್ಲದ ತುಂಡುಗಳು, ಇನ್ನೊಂದರಲ್ಲಿ ನೀರು ತುಂಬಿದ ಲೋಟಗಳು.

"ಬನ್ನಿ ಬನ್ನಿ, ಮೊದಲು ಬೆಲ್ಲ ತಿಂದು ನೀರು ಕುಡಿಯಿರಿ. ಮಾತೆಲ್ಲ ಮತ್ತೆ ಆಡುವ" ಅಂದರು ಒಬ್ಬ ಹಿರಿಯರು.

ಕರಾವಳಿಯಲ್ಲಿ ಮನೆಗೆ ಬಂದವರಿಗೆ ಮೊದಲು ಕೊಡೋದು ಇದನ್ನೇ. ಬಿಸಿಲಲ್ಲಿ ನಡೆದು ಬಂದವರಿಗೆ ಕಾಫಿಗಿಂತ ಇದು ಎಷ್ಟೋ ಮೇಲು. ಬೆಲ್ಲ ಬಾಯಲ್ಲಿಟ್ಟುಕೊಂಡು ಬಾವಿಯ ತಣ್ಣೀರು ಕುಡಿದಾಗ ರಾತ್ರಿಯ ಆಯಾಸ ಅರ್ಧ ಇಳಿಯಿತು.

ನಮ್ಮನ್ನು ಹಾಲಿನಲ್ಲಿ ಒಟ್ಟಿಗೆ ಮಲಗಿಸುತ್ತಾರೆ ಅಂದುಕೊಂಡು ಚಾಪೆ, ಹೊದಿಕೆ ತಂದಿದ್ದೆವು. ಅವರು ಒಪ್ಪಲಿಲ್ಲ. ಇಬ್ಬಿಬ್ಬರನ್ನು ಒಂದೊಂದು ಮನೆಗೆ ಹಂಚಿದರು. ನನಗೂ ನಮ್ಮ ಸಭೆಯ ಒಬ್ಬ ಹುಡುಗಿಗೂ ಸಿಕ್ಕಿದ್ದು ನಿವೃತ್ತ ಶಿಕ್ಷಕಿಯೊಬ್ಬರ ಮನೆ. ಇಡೀ ಊರು ಅವರನ್ನು ಟೀಚರ್ ಅಂತಲೇ ಕರೆಯುತ್ತದೆ. ಗಂಡ ತೀರಿಕೊಂಡಿದ್ದಾರೆ, ಮಗ ಕುವೈತ್‌ನಲ್ಲಿದ್ದಾನೆ. ಕೆಂಪುಕಲ್ಲಿನ ಮನೆ, ಹಿಂದೆ ಬಾವಿ, ಬಸಳೆ ಚಪ್ಪರ, ಎರಡು ಹಲಸಿನ ಮರ.

ಆ ದಿನ ಅವರು ನಮ್ಮನ್ನು ಏನೂ ಮಾಡಲು ಬಿಡಲಿಲ್ಲ. ತಟ್ಟೆ ತೊಳೆಯಲು ಹೋದರೆ ಕಿತ್ತುಕೊಂಡರು. ಬಾವಿಯಿಂದ ನೀರು ಸೇದಲು ಹೋದರೆ, "ನೀವು ನೆಂಟರು, ಸುಮ್ನೆ ಕೂತ್ಕೊಳ್ಳಿ" ಅಂದರು. ಮಧ್ಯಾಹ್ನ ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು, ಬಸಳೆ. ರಾತ್ರಿ ಮತ್ತೆ ಮೀನು. ಹೀಗೆ ಕೂರಿಸಿ ಬಡಿಸಿದ್ದರಲ್ಲಿ ಪ್ರೀತಿ ಇತ್ತು, ಖಂಡಿತ. ಆದರೂ ಪರರ ಮನೆ ಅನ್ನೋ ಸಂಕೋಚ ಹೋಗಲಿಲ್ಲ. ಅದು ಹೋಗಿದ್ದು ಮಾರನೆಯ ದಿನ, ಹಂಚಿನ ಕೆಲಸ ಶುರುವಾದ ಮೇಲೆ.

ಗುರುವಾರ

ಬೆಳಿಗ್ಗೆ ನೀರುದೋಸೆ, ಕಾಯಿಬೆಲ್ಲ. ಏಳು ಗಂಟೆಗೆ ಎಲ್ಲರೂ ಅಂಗಳದಲ್ಲಿದ್ದೆವು.

ಹಂಚಿನ ಮಾಡು, ಅಂದರೆ ಚಾವಣಿ, ಇಳಿಸೋದನ್ನು ನಮ್ಮ ಕಡೆಯವರಲ್ಲಿ ಜಾಸ್ತಿ ಜನ ನೋಡಿರಲಿಲ್ಲ. ನಮ್ಮಲ್ಲಿ ಹಳೆ ಮನೆ ಅಂದರೆ ಮಣ್ಣಿನ ಮಾಳಿಗೆ. ಇಲ್ಲಿ ಗೋಡೆಯಿಂದ ಮೇಲಿನ ತೊಲೆಗೆ ಪಕ್ಕಾಸು, ಪಕ್ಕಾಸಿನ ಮೇಲೆ ಅಡ್ಡಡ್ಡ ರೀಪು, ರೀಪಿಗೆ ಹಂಚು ಸಿಕ್ಕಿಸೋದು. ಮೊಳೆ ಇಲ್ಲ, ಗಾರೆ ಇಲ್ಲ. ಹಂಚಿನ ಹಿಂದಿರುವ ಸಣ್ಣ ಗೂಟ ರೀಪನ್ನು ಕಚ್ಚಿ ಹಿಡಿಯುತ್ತದೆ. ಒಂದರ ಅಂಚು ಇನ್ನೊಂದರ ಕಾಲುವೆಯಲ್ಲಿ ಕೂರುತ್ತದೆ. ಹಾಗಾಗಿಯೇ ಒಡೆದದ್ದೊಂದನ್ನು ಮಾತ್ರ ತೆಗೆದು ಬೇರೆ ಇಡಬಹುದು. ಕರಾವಳಿಯ ಮಳೆಗೆ ಇದಕ್ಕಿಂತ ಜಾಣ ಮಾಡು ಇಲ್ಲ ಅಂತ ನನಗನಿಸಿತು.

ಮೇಲೆ ಹತ್ತಿದವರು ಸಭೆಯ ಯುವಕರು, ಜೊತೆಗೆ ಪಕ್ಕದ ಮನೆಯ ಮೊಗವೀರ ಅಣ್ಣ. ಅವರು ಚರ್ಚಿನವರಲ್ಲ. ಮಾಡು ಇಳಿಸೋದು ಗೊತ್ತು ಅಂತ ಬೋಟಿಗೆ ರಜೆ ಮಾಡಿ ಬಂದಿದ್ದರು. ಏಣಿಯಿಂದ ಅಂಗಳದ ತೆಂಗಿನಮರದ ಬುಡದವರೆಗೆ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿದರು. ಒಬ್ಬರು ಧಾರವಾಡದವರು, ಒಬ್ಬರು ಉಡುಪಿಯವರು, ಮತ್ತೆ ಒಬ್ಬರು ಧಾರವಾಡದವರು. ಹಾಗೇ ನಿಲ್ಲಿ ಅಂತ ಹೇಳಿದ್ದು ಟೀಚರ್. ಹಂಚು ಕೈಯಿಂದ ಕೈಗೆ ಬರತೊಡಗಿತು. ನಮ್ಮ ಹುಡುಗರು "ಹಿಡೀರಿ, ಹಿಡೀರಿ" ಅಂದರೆ ಅವರ ಹುಡುಗರು "ಪತ್ತ್‌ಲೆ, ಪತ್ತ್‌ಲೆ" ಅನ್ನುತ್ತಿದ್ದರು. ಹತ್ತು ಗಂಟೆಯ ಹೊತ್ತಿಗೆ ಯಾರು ಯಾವ ಭಾಷೆಯಲ್ಲಿ ಕೂಗುತ್ತಿದ್ದಾರೆ ಅಂತ ಗೊತ್ತಾಗದಷ್ಟು ಕಲಸಿಹೋಗಿತ್ತು.

ಸಾಲಿನ ಕೊನೆಯಲ್ಲಿ ಒಂದು ಮಣೆ ಹಾಕಿಕೊಂಡು ಅಜ್ಜರೊಬ್ಬರು ಕೂತಿದ್ದರು. ಹರೆಯದಲ್ಲಿ ಹಂಚಿನ ಕಾರ್ಖಾನೆಯಲ್ಲಿ ದುಡಿದವರು. ಬಂದ ಪ್ರತಿ ಹಂಚನ್ನೂ ಎಡಗೈಯಲ್ಲಿ ತೂಗಿ ಹಿಡಿದು, ಬಲಗೈಯ ಬೆರಳ ಗೆಣ್ಣಿನಿಂದ ನಡುಮಧ್ಯಕ್ಕೆ ಒಂದು ಸಲ ಬಡಿಯುತ್ತಿದ್ದರು. ಟಣ್ ಅಂದರೆ ಬಲಕ್ಕೆ. ಸದ್ದು ಒಳಗೇ ಸತ್ತರೆ ಎಡಕ್ಕೆ. ಕಣ್ಣಿಗೆ ಕಾಣದ ಬಿರುಕು ಕಿವಿಗೆ ಸಿಗುತ್ತದೆ. ನಾನು ಅವರ ಪಕ್ಕ ಕೂತು ತೆಂಗಿನ ನಾರಿನಿಂದ ಹಂಚಿನ ಹಾವಸೆ ಉಜ್ಜುತ್ತಿದ್ದೆ. ಸ್ವಲ್ಪ ಹೊತ್ತಾದ ಮೇಲೆ ಒಂದು ಹಂಚನ್ನು ನನ್ನ ಕಡೆ ಚಾಚಿ, "ಈಗ ನೀನು ನೋಡು ಮಗಾ" ಅಂದರು. ಬಡಿದೆ. "ಎಂತ ಹೇಳ್ತದೆ?" "ಚೆನ್ನಾಗಿದೆ ಅಜ್ಜಾ." "ಸರಿ, ಇನ್ನು ಆ ರಾಶಿ ನಿನ್ನದು" ಅಂದು ಅರ್ಧ ಕೆಲಸ ನನಗೆ ಕೊಟ್ಟೇ ಬಿಟ್ಟರು.

ಉಜ್ಜುತ್ತಾ ಹೋದಂತೆ ಒಂದು ಹಂಚಿನ ಹಿಂಬದಿಯಲ್ಲಿ ಅಕ್ಷರಗಳು ಎದ್ದವು. ಬಾಸೆಲ್ ಮಿಷನ್ ಟೈಲ್ ವರ್ಕ್ಸ್, 1865. ಬಾಸೆಲ್ ಮಿಷನ್ ಅಂದರೆ ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನ ಕ್ರೈಸ್ತ ಮಿಷನರಿ ಸಂಸ್ಥೆ. ಅದು ಆ ಹಂಚು ಮಾಡಿದ ವರ್ಷ ಅಲ್ಲ, ಕಾರ್ಖಾನೆ ಶುರುವಾದ ವರ್ಷ ಅಂತ ಅಜ್ಜ ತಿಳಿಸಿದರು. ಮಂಗಳೂರಿನ ಜೆಪ್ಪುವಿನಲ್ಲಿ ಜಾರ್ಜ್ ಪ್ಲೆಬ್ಸ್ಟ್ ಅನ್ನುವ ಮಿಷನರಿ ನೇತ್ರಾವತಿ, ಗುರುಪುರ ನದಿ ದಡದ ಜೇಡಿಮಣ್ಣು ನೋಡಿ ಶುರು ಮಾಡಿದ್ದು. ಮಂಗಳೂರು ಹಂಚು ಅಂತ ದೇಶದಾಚೆಗೂ ಹೋಗಿ ಹೆಸರಾಯಿತು. ಮಲ್ಪೆಯಲ್ಲೂ ಮಿಷನ್ನಿನ ಕಾರ್ಖಾನೆ ಇತ್ತು. ಮೊದಲನೆಯ ಮಹಾಯುದ್ಧದ ಸಮಯದಲ್ಲಿ ಜರ್ಮನ್ ಮಿಷನರಿಗಳನ್ನು ಬ್ರಿಟಿಷ್ ಸರಕಾರ ಹೊರಗೆ ಕಳಿಸಿತು. ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಕೈಗೆ ಹೋದವು.

"ದೇವರ ಮಾತು ಹೇಳ್ಲಿಕ್ಕೆ ಬಂದವರು ಹಂಚು ಯಾಕೆ ಮಾಡಿದರು ಗೊತ್ತುಂಟಾ?" ಅಜ್ಜ ಕೇಳಿದರು. ಉತ್ತರವನ್ನೂ ಅವರೇ ಹೇಳಿದರು. ಆ ಕಾಲದಲ್ಲಿ ಸಭೆಗೆ ಸೇರಿದವರನ್ನು ಮನೆಯವರು ಹೊರಗೆ ಹಾಕುತ್ತಿದ್ದರು. ಜಾತಿ ಹೋದರೆ ಕಸುಬೂ ಹೋಯಿತು, ಗೇಣಿ ಗದ್ದೆಯೂ ಹೋಯಿತು. ಬರೀ ಪ್ರಾರ್ಥನೆ ಮಾಡಿ ಕಳಿಸಿದರೆ ಅವರು ಉಣ್ಣೋದೇನು? ಅದಕ್ಕೆ ನೇಯ್ಗೆ ಬಂತು, ಅಚ್ಚುಕೂಟ ಬಂತು, ಹಂಚು ಬಂತು. "ನಮ್ಮ ಅಜ್ಜನ ಅಜ್ಜ ಉಟ್ಟ ಬಟ್ಟೆಯಲ್ಲಿ ಬಂದದ್ದಂತೆ. ಅವರಿಗೆ ಮೊದಲು ಕೊಟ್ಟದ್ದು ಕೆಲಸ. ಮತ್ತೆ ಎಲ್ಲ."

ಮಿಷನರಿಗಳ ಬಗ್ಗೆ ಒಳ್ಳೆಯದೂ ಕೆಟ್ಟದ್ದೂ ಬೇಕಾದಷ್ಟು ಬರೆದಿದ್ದಾರೆ. ಕಾರ್ಖಾನೆಯ ಶಿಸ್ತು ಕಠಿಣವಾಗಿತ್ತು ಅಂತ ಅಜ್ಜನೂ ಹೇಳಿದರು. ಆದರೆ ಮನೆ ಕಳೆದುಕೊಂಡು ಬಂದವನ ಕೈಗೆ ಒಂದು ಕಸುಬು ಕೊಟ್ಟು, ನೀನೂ ನಮ್ಮವನು ಅಂದದ್ದು ದೊಡ್ಡ ವಿಷಯ. ಆ ಊರಿನವರು ಅದನ್ನು ಇವತ್ತಿಗೂ ಮರೆತಿಲ್ಲ ಅನ್ನೋದು ನಮ್ಮನ್ನು ನಡೆಸಿಕೊಂಡ ರೀತಿಯಲ್ಲೇ ಕಾಣುತ್ತಿತ್ತು.

ಮಧ್ಯಾಹ್ನ ಗಂಜಿ, ಉಪ್ಪಿನಕಾಯಿ, ಒಣಮೀನಿನ ಚಟ್ನಿ, ಹಲಸಿನ ಹಪ್ಪಳ. ಬಿಸಿಲಲ್ಲಿ ದುಡಿದವರಿಗೆ ಗಂಜಿಯಂಥ ಊಟ ಇಲ್ಲ. ಸಂಜೆಯೊಳಗೆ ಗಟ್ಟಿ ಹಂಚೆಲ್ಲ ಮತ್ತೆ ಮೇಲೇರಿತು. ಎರಡು ಕಡೆ ಗಾಜಿನ ಹಂಚು ಇಟ್ಟರು. ಮಕ್ಕಳಿಗೆ ಪುಸ್ತಕ ಓದಲು ಬೆಳಕು ಬೇಕಲ್ವಾ.

ಆ ರಾತ್ರಿ ಟೀಚರ್ ತಟ್ಟೆ ಕಿತ್ತುಕೊಳ್ಳಲಿಲ್ಲ. "ಬಾವಿಕಟ್ಟೆಯಲ್ಲಿ ಬೂದಿ ಉಂಟು, ಪಾತ್ರೆ ತೊಳೆದಿಡಿ. ಹಾಗೇ ಎರಡು ಕೊಡಪಾನ ನೀರು ಒಳಗೆ ತನ್ನಿ" ಅಂದರು. ನಾವಿಬ್ಬರೂ ಖುಷಿಯಿಂದ ಓಡಿದೆವು.

ಶುಕ್ರವಾರ

ಬೆಳಿಗ್ಗೆ ಸುಣ್ಣ ಬಳಿದದ್ದರ ಬಗ್ಗೆ ಹೇಳೋದು ಹೆಚ್ಚೇನಿಲ್ಲ. ಮಧ್ಯಾಹ್ನಕ್ಕೆ ಮುಗಿಯಿತು, ಕಟ್ಟಡ ಬೆಳ್ಳಗಾಯಿತು, ನಾವೂ ಆದೆವು.

ಸಂಜೆ ಸಭಾಪಾಲಕರ ಜೊತೆ ಮನೆ ಭೇಟಿಗೆ ಹೋದೆವು. ಹೊರಡುವ ಮೊದಲು ಅವರು ಒಂದು ಮಾತು ಹೇಳಿದರು. ಫೋನುಗಳನ್ನು ಚೀಲದಲ್ಲಿಡಿ, ಯಾರ ಮನೆಯೊಳಗೂ ಫೋಟೋ ತೆಗೆಯಬೇಡಿ. ನನಗೆ ಆ ಮಾತು ತುಂಬಾ ಹಿಡಿಸಿತು. ಸೇವೆ ಅಂತ ಹೋದವರು ಬಡವರ ಮನೆಯ ಒಲೆ, ಹಾಸಿಗೆ ಹಿಡಿದವರ ಮುಖ ತೆಗೆದು ಹತ್ತು ಜನರಿಗೆ ಕಳಿಸೋದನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಅದು ತಪ್ಪು. ಬಾಗಿಲು ತೆಗೆದು ಒಳಗೆ ಕರೆದವರಿಗೆ ಮರ್ಯಾದೆ ಕೊಡೋದು ಮೊದಲ ಕೆಲಸ.

ದಾರಿಯಲ್ಲಿ ಮಿಷನ್ ಆಸ್ಪತ್ರೆಯ ಮಾತು ಬಂತು. ಕಾಗದದ ಮೇಲೆ ಅದು ಲೊಂಬಾರ್ಡ್ ಸ್ಮಾರಕ ಆಸ್ಪತ್ರೆ. ಸ್ವಿಟ್ಜರ್ಲೆಂಡಿನಿಂದ ಬಂದ ವೈದ್ಯೆ ಇವಾ ಲೊಂಬಾರ್ಡ್ 1923ರಲ್ಲಿ ಉಡುಪಿಯಲ್ಲಿ ಶುರು ಮಾಡಿದ್ದು. ನೂರು ವರ್ಷ ದಾಟಿದೆ. ಊರಿನವರ ಬಾಯಲ್ಲಿ ಮಾತ್ರ ಮಿಷನ್ ಆಸ್ಪತ್ರೆಯೇ. ನಮ್ಮ ಜೊತೆ ಬಂದಿದ್ದ ಉಡುಪಿಯ ಅಕ್ಕಂದಿರಲ್ಲಿ ಇಬ್ಬರು, "ನಾನು ಹುಟ್ಟಿದ್ದೂ ಅಲ್ಲೇ, ನನ್ನ ಮಕ್ಕಳು ಹುಟ್ಟಿದ್ದೂ ಅಲ್ಲೇ" ಅಂದರು.

ಕೊನೆಗೆ ಹೋದದ್ದು ಹಾಸಿಗೆ ಹಿಡಿದ ಒಬ್ಬ ಅಜ್ಜಿಯ ಮನೆಗೆ. ಚಿಕ್ಕ ಕೋಣೆ. ಗೋಡೆಯ ಮೇಲೆ ಕ್ಯಾಲೆಂಡರ್, ಕಿಟಕಿಯಲ್ಲಿ ಔಷಧಿ, ತಲೆದಿಂಬಿನ ಪಕ್ಕ ಹಳೆಯ ಸಂಗೀತ ಪುಸ್ತಕ. ಅಜ್ಜಿಗೆ ಕನ್ನಡ ಅರ್ಥ ಆಗುತ್ತದೆ, ಮಾತಾಡೋದು ತುಳು. "ಬಲೆ ಬಲೆ, ಕುಲ್ಲುಲೆ" ಅಂದರು. ಕೂತುಕೊಳ್ಳಲು ಜಾಗ ಸಾಲದೆ ನಾವು ಕೆಲವರು ಹೊಸಿಲ ಮೇಲೆ ಕೂತೆವು. ಅವರಿಗಾಗಿ ಪ್ರಾರ್ಥನೆ ಮಾಡಲು ಹೋಗಿದ್ದೆವು. ಅಜ್ಜಿ ಕೈ ಎತ್ತಿ ತಡೆದರು. ಮೊದಲು ನಮ್ಮ ತಾಯಂದಿರ ಹೆಸರು ಹೇಳಬೇಕಂತೆ. ಒಬ್ಬೊಬ್ಬರೇ ಹೇಳಿದೆವು. ಅಜ್ಜಿ ಪ್ರತಿ ಹೆಸರನ್ನೂ ಬಾಯಲ್ಲಿ ಎರಡು ಸಲ ಅಂದುಕೊಂಡರು. ಆಮೇಲೆ ಕಣ್ಣುಮುಚ್ಚಿ ತುಳುವಿನಲ್ಲಿ ಪ್ರಾರ್ಥಿಸಿದರು. ಒಂದು ಹೆಸರೂ ತಪ್ಪಲಿಲ್ಲ. ಧಾರವಾಡದಲ್ಲಿ ಆಗ ರೊಟ್ಟಿ ಬಡಿಯುತ್ತಿದ್ದಿರಬಹುದಾದ ನನ್ನ ಅವ್ವನ ಹೆಸರು ಆ ಕೋಣೆಯಲ್ಲಿ ಕೇಳಿದಾಗ ನನಗೆ ಗಂಟಲು ಕಟ್ಟಿತು.

ಮನೆಗೆ ಬಂದರೆ ಜಗಲಿಯಲ್ಲಿ ಬುಟ್ಟಿ ತುಂಬಾ ಬೂತಾಯಿ ಮೀನು. ಮೊಗವೀರ ಅಣ್ಣನ ಮನೆಯಿಂದ ಬಂದದ್ದು. "ನಿಮ್ಮ ನೆಂಟರು ಅಂದರೆ ನಮಗೂ ನೆಂಟರೇ ಅಲ್ವಾ" ಅಂತ ಅವರ ಹೆಂಡತಿ ಹೇಳಿ ಹೋದರಂತೆ.

ಶನಿವಾರ

ಬೆಳಿಗ್ಗೆ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಮಂಗಳೂರಿಗೆ. ಸಭೆಯ ಯುವಕರೇ ಕರೆದುಕೊಂಡು ಹೋದರು. ಹಂಪನಕಟ್ಟೆಯಿಂದ ದಿಬ್ಬ ಹತ್ತಿದರೆ ಬಲ್ಮಠ. ಶಾಂತಿ ಕಥೀಡ್ರಲ್, ಪಕ್ಕದಲ್ಲಿ ಕರ್ನಾಟಕ ಥಿಯಾಲಜಿಕಲ್ ಕಾಲೇಜು, ದೊಡ್ಡ ದೊಡ್ಡ ಮರಗಳು.

1834ರ ಅಕ್ಟೋಬರ್ 30ರಂದು ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದಿಳಿದರು. ಬಾಸೆಲ್ ಮಿಷನ್ ಈ ದೇಶದಲ್ಲಿ ಶುರುವಾದದ್ದು ಹಾಗೆ. ಮೂರೇ ವರ್ಷದಲ್ಲಿ ಅವರು ಘಟ್ಟ ಹತ್ತಿ ನಮ್ಮ ಧಾರವಾಡಕ್ಕೆ ಬಂದರು. ಆಮೇಲೆ ಹುಬ್ಬಳ್ಳಿ, ಗದಗ ಬೆಟಗೇರಿ. ಅಂದರೆ ನಮ್ಮ ಸಭೆಯ ಬೇರು ಇಲ್ಲಿಂದಲೇ ಬಂದದ್ದು. ಇದನ್ನು ಪುಸ್ತಕದಲ್ಲಿ ಓದಿದ್ದೆ. ಆ ದಿಬ್ಬದ ಮೇಲೆ ನಿಂತಾಗ ತವರಿನ ಕಡೆಯವರ ಮನೆಗೆ ಬಂದಂತಾಯಿತು.

1843ರ ಜುಲೈ 1ರಂದು ಹರ್ಮನ್ ಮೊಗ್ಲಿಂಗ್ ಕನ್ನಡದ ಮೊದಲ ಪತ್ರಿಕೆ ಮಂಗಳೂರು ಸಮಾಚಾರವನ್ನು ಹೊರತಂದದ್ದು ಈ ಮಿಷನ್ನಿನ ಕಲ್ಲಚ್ಚಿನಲ್ಲಿ. ಅದಕ್ಕೇ ನಾಡಿನಲ್ಲಿ ಜುಲೈ ಒಂದು ಪತ್ರಿಕಾ ದಿನ. ಗ್ರೈನರ್ ಹೊಸ ಒಡಂಬಡಿಕೆಯನ್ನು ತುಳುವಿಗೆ ತಂದರು. ಕಿಟೆಲ್ ಅವರ ನಿಘಂಟು 1894ರಲ್ಲಿ ಅಚ್ಚಾದದ್ದೂ ಮಂಗಳೂರಿನಲ್ಲೇ. ಸುಮಾರು 70,000 ಶಬ್ದಗಳ ಪುಸ್ತಕ. ಧಾರವಾಡದಲ್ಲಿ ಕಿಟೆಲ್ ಹೆಸರಿನ ಕಾಲೇಜೇ ಇದೆ, ನಮ್ಮ ಗುಂಪಿನಲ್ಲಿ ಅಲ್ಲಿ ಓದಿದವರಿದ್ದರು. ನಾನು ಯೋಚಿಸಿದ್ದು ಬೇರೆ. ಇವರಿಗೆ ಭಾಷೆ ಕಲಿಸಿದವರು ಯಾರು? ಮನೆಯಂಗಳದಲ್ಲಿ, ಮೀನು ಮಾರುವಲ್ಲಿ, ಗದ್ದೆಯ ಬದುವಿನಲ್ಲಿ ನಿಂತು ಇದಕ್ಕೆ ಏನಂತೀರಿ ಅಂತ ಕೇಳಿದಾಗ ಬೇಸರ ಇಲ್ಲದೆ ಹೇಳಿಕೊಟ್ಟ ಸಾವಿರಾರು ಜನ. ಬಂದವರ ಹೆಸರು ಉಳಿಯಿತು. ಬರಮಾಡಿಕೊಂಡವರ ಹೆಸರು ಎಲ್ಲೂ ಇಲ್ಲ. ಆ ಕಥೆಯನ್ನೂ ಯಾರಾದರೂ ಬರೆಯಬೇಕು.

ಮೂರು ಗಂಟೆಗೆ ವಾಪಸು ಉಡುಪಿ. ನಾಲ್ಕಕ್ಕೆ ಚರ್ಚಿನ ಹಿಂದೆ ಕಲ್ಲಿನ ಒಲೆ ಹೂಡಿದರು. ಭಾನುವಾರದ ಊಟಕ್ಕೆ ರಾತ್ರಿಯಿಂದಲೇ ತಯಾರಿ.

ನನ್ನ ಮಟ್ಟಿಗೆ ಇಡೀ ಪ್ರವಾಸದಲ್ಲಿ ಇದೇ ದೊಡ್ಡ ರಾತ್ರಿ. ಟೀಚರ್ ನನ್ನ ಮುಂದೆ ಒಂದು ಹೆರೆಮಣೆ ತಂದಿಟ್ಟರು. "ಕೂತ್ಕೋ. ಈ ರಾಶಿ ಮುಗಿಯುವವರೆಗೆ ಏಳುವುದು ಬೇಡ." ಒಡೆದ ತೆಂಗಿನಕಾಯಿಗಳು ಗುಡ್ಡೆ ಬಿದ್ದಿದ್ದವು. ನಮ್ಮ ಕಡೆ ಅಡುಗೆಗೆ ಶೇಂಗಾ ಜಾಸ್ತಿ, ಕಾಯಿ ಕಡಿಮೆ. ಒಂದು ಊಟಕ್ಕೆ ಇಷ್ಟು ಕಾಯಿ ಬೇಕಾಗುತ್ತದೆ ಅಂತ ನಾನು ಅಂದುಕೊಂಡೇ ಇರಲಿಲ್ಲ. ಮಣೆಯ ಮೇಲೆ ಒಂದು ಕಾಲು ಮಡಚಿ ಕೂತು, ಹೋಳನ್ನು ಹಲ್ಲಿನ ಮೇಲಿಟ್ಟು, ಅಂಚಿನಿಂದ ಶುರು ಮಾಡಿ ನಡುವಿಗೆ ಬರಬೇಕು. ಒತ್ತಬಾರದು, ತಿರುಗಿಸಬೇಕು. ಒತ್ತಿದರೆ ಕರಟದ ಕಂದು ಸಿಪ್ಪೆಯೂ ಬರುತ್ತದೆ, ಗಸಿಯ, ಅಂದರೆ ಕಾಯಿ ಅರೆದು ಮಾಡುವ ಗಟ್ಟಿ ಸಾರಿನ, ಬಣ್ಣ ಕೆಡುತ್ತದೆ. ಪಕ್ಕದಲ್ಲಿ ಕೂತ ಅಕ್ಕ ನನ್ನ ಮಣಿಕಟ್ಟು ಹಿಡಿದು ಎರಡು ಹೋಳು ಹೆರೆಸಿ ತೋರಿಸಿದರು. ಮೂರನೆಯದು ಸರಿ ಬಂತು. ತುರಿ ಹೂವಿನ ಹಾಗೆ ಹರಿವಾಣಕ್ಕೆ ಉದುರಿತು.

ಒಲೆಯ ಹತ್ತಿರ ಗಂಡಸರ ರಾಜ್ಯ. ಸಭೆಯಲ್ಲಿ ದೊಡ್ಡ ಅಡುಗೆಗೆ ಒಬ್ಬ ಅಂಕಲ್ ಇದ್ದಾರೆ, ಬ್ಯಾಂಕಿನಿಂದ ನಿವೃತ್ತರಾದವರು. ಅವರು ನಮ್ಮ ಮೆಣಸಿನಕಾಯಿ ಚೀಲ ಬಿಚ್ಚಿ ಒಂದು ಹಿಡಿ ತೆಗೆದರು. ಒಂದನ್ನು ಮುರಿದು ಮೂಸಿದರು. ಸುಕ್ಕುಸುಕ್ಕಾದ, ಕಡು ಕೆಂಪಿನ, ಖಾರಕ್ಕಿಂತ ಬಣ್ಣವೇ ಹೆಚ್ಚಿರುವ ಮೆಣಸು.

"ಹೊಸ ಮಾಲು. ಮಾರಾಯ್ರೆ, ನಿಮ್ಮ ಊರಿನ ಮೆಣಸು ಇಲ್ಲದಿದ್ದರೆ ನಮ್ಮಲ್ಲಿ ಗಸಿಯೇ ಇಲ್ಲ, ಗೊತ್ತುಂಟಾ?"

ನಿಜವೇ. ಮಂಗಳೂರು ಅಡುಗೆ ಅಂತ ಊರೂರಲ್ಲಿ ಹೊಗಳುವ ಆ ಕೆಂಪು ನಮ್ಮ ಹಾವೇರಿ ಕಡೆಯ ಹೊಲದಿಂದ ಘಟ್ಟ ಇಳಿದು ಬಂದದ್ದು. ಅವರು ಮೆಣಸು, ಕೊತ್ತಂಬರಿ, ಜೀರಿಗೆ ಹುರಿಯತೊಡಗಿದಾಗ ನಮ್ಮವರೆಲ್ಲ ಕೆಮ್ಮುತ್ತಾ ಒಲೆಯ ಸುತ್ತ ಸೇರಿದರು. ನಮ್ಮ ಹುಡುಗನೊಬ್ಬನ ಕೈಗೆ ಅಂಕಲ್ ಸೌಟು ಕೊಟ್ಟರು.

ದೊಡ್ಡ ಪಾತ್ರೆಗಳು ಬಂದದ್ದು ರಸ್ತೆಯಾಚೆಯ ಬ್ಯಾರಿ ಮುಸ್ಲಿಂ ಕುಟುಂಬದ ಮನೆಯಿಂದ. ಅವರ ಮದುವೆಗೆ ಚರ್ಚಿನ ಬೆಂಚು, ಕುರ್ಚಿ ಹೋಗುತ್ತವೆ. ಚರ್ಚಿನ ಹಬ್ಬಕ್ಕೆ ಅವರ ಪಾತ್ರೆ ಬರುತ್ತವೆ. ಲೆಕ್ಕ ಬರೆದಿಡುವ ಪದ್ಧತಿ ಇಲ್ಲ. ಕರಾವಳಿ ಅಂದರೆ ಜಗಳದ ಸುದ್ದಿ ಮಾತ್ರ ನಮ್ಮೂರಿಗೆ ತಲುಪುತ್ತದೆ. ಈ ಪಾತ್ರೆಗಳ ಸುದ್ದಿಯೂ ತಲುಪಲಿ ಅಂತಲೇ ಬರೆಯುತ್ತಿದ್ದೇನೆ.

ಹನ್ನೊಂದು ಗಂಟೆಗೆ ಗುಡುಗು, ಜೋರು ಮಳೆ. ಎಲ್ಲರೂ ಓಡಿ ಸಂಡೇ ಸ್ಕೂಲ್ ಕಟ್ಟಡದೊಳಗೆ ನುಗ್ಗಿದೆವು. ಟಾರ್ಚ್ ಹಾಕಿ ಮಾಡು ನೋಡಿದೆವು. ಹನಿ ನೀರೂ ಇಳಿಯಲಿಲ್ಲ. ಹಂಚಿನ ಅಜ್ಜ ಏನೂ ಹೇಳದೆ ಗೋಡೆಗೆ ಒರಗಿ ಕೂತರು. ಅವರ ಮುಖ ನೋಡಬೇಕಿತ್ತು.

ಭಾನುವಾರ

ಬೆಳೆಹಬ್ಬದ ದಿನ ಆಲ್ತಾರಿನ ಮುಂದೆ ಕಾಲಿಡಲು ಜಾಗ ಇರಲಿಲ್ಲ. ಬಾಳೆಗೊನೆ, ಸುವರ್ಣಗೆಡ್ಡೆ, ಸೌತೆಕಾಯಿ, ಹರಿವೆ ಕಟ್ಟು, ಅಡಿಕೆ, ಹೊಸ ಅಕ್ಕಿ, ಮೊಟ್ಟೆ. ಬಾಗಿಲಿನ ಆಚೆ ಕಾಲು ಕಟ್ಟಿದ ಎರಡು ಹುಂಜ. ಪುಲ್ಪಿಟ್ಟಿಗೆ ಶಂಕರಪುರ ಮಲ್ಲಿಗೆ ಸುತ್ತಿದ್ದರು. ಚರ್ಚಿನ ತುಂಬಾ ಅದರದ್ದೇ ಪರಿಮಳ.

ಆರಾಧನೆ ಕನ್ನಡದಲ್ಲಿ. ನಡುವೆ ಎರಡು ಹಾಡು ತುಳುವಿನಲ್ಲಿ. ಒಂದರ ರಾಗ ನಮಗೆ ಗೊತ್ತಿತ್ತು, ಜರ್ಮನ್ ಕೋರಲಿನದು, ಅಂದರೆ ಅಲ್ಲಿನ ಚರ್ಚ್ ಹಾಡಿನದು. ನಮ್ಮ ಸಭೆಯಲ್ಲೂ ಅದನ್ನೇ ಕನ್ನಡದಲ್ಲಿ ಹಾಡುತ್ತೇವೆ. ಅವರು ತುಳುವಿನಲ್ಲಿ, ನಾವು ಕನ್ನಡದಲ್ಲಿ, ಒಂದೇ ರಾಗಕ್ಕೆ ಒಟ್ಟಿಗೆ ಹಾಡಿದೆವು. ಯಾರೂ ಮೊದಲೇ ಹೇಳಿಕೊಂಡಿರಲಿಲ್ಲ. ಎರಡನೆಯ ಚರಣಕ್ಕೆ ಆರ್ಗನ್ ಬಾರಿಸುವ ಹುಡುಗಿ ತಿರುಗಿ ನೋಡಿ ನಕ್ಕಳು.

ಆರಾಧನೆ ಮುಗಿದ ಮೇಲೆ ಏಲಂ. ತಂದ ವಸ್ತುಗಳನ್ನೆಲ್ಲ ಅಂಗಳದಲ್ಲಿ ಹರಾಜು ಹಾಕಿ, ಬಂದ ಹಣ ಸಭೆಯ ಕೆಲಸಕ್ಕೆ. ಹರಾಜು ಕೂಗುವವರು ನಮ್ಮ ಅಡುಗೆ ಅಂಕಲ್ಲೇ. ಒಂದು ತೆಂಗಿನಕಾಯಿಯನ್ನು ಒಬ್ಬರು ಕೊಂಡು ಮತ್ತೆ ಸಭೆಗೇ ಕೊಡುತ್ತಾರೆ. ಅದು ಮತ್ತೆ ಹರಾಜಿಗೆ ಬರುತ್ತದೆ. ಹೀಗೆ ಒಂದೇ ಕಾಯಿ ಊರೆಲ್ಲ ತಿರುಗಿತು. ಕೊನೆಗೆ ಒಬ್ಬ ಸಣ್ಣ ಹುಡುಗನ ಕೈಯಲ್ಲಿ ಉಳಿಯಿತು. ಬ್ಯಾರಿ ಮನೆಯ ಯಜಮಾನರೂ ಬಂದಿದ್ದರು, ಒಂದು ಗೊನೆ ಬಾಳೆ ಹಿಡಿದು ಹೋದರು.

ಮಲ್ಲಿಗೆಯ ಸರದಿ ಬಂತು. ಈ ಕಡೆ ಮಲ್ಲಿಗೆಯನ್ನು ಮಾರೋದು ಮೊಳದ ಲೆಕ್ಕದಲ್ಲಲ್ಲ. ಎಂಟುನೂರು ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಬಾಳೆನಾರಿನಲ್ಲಿ ಕಟ್ಟಿದ ಒಂದು ಇಡೀ ಅಟ್ಟೆ. ನಮ್ಮ ಹುಡುಗಿಯರು ಹಣ ಒಟ್ಟು ಮಾಡಿ ಕೂಗಿದರು. ಆಚೆಯಿಂದ ಸ್ತ್ರೀ ಸಂಘದವರು ಏರಿಸಿದರು. ನಾವು ಮತ್ತೆ ಏರಿಸಿದೆವು. ಅವರು ಮತ್ತೆ. ಕೈಯಲ್ಲಿದ್ದ ಹಣ ಮುಗಿದು ನಾವು ನಿಲ್ಲಿಸಿದೆವು. ಅವರು ಗೆದ್ದರು. ಗೆದ್ದು, ಅಟ್ಟೆಯನ್ನು ತುಂಡು ಮಾಡಿ, ನಮ್ಮ ಗುಂಪಿನ ಒಬ್ಬೊಬ್ಬಳನ್ನೇ ಕರೆದು ಜಡೆಗೆ ಮುಡಿಸಿದರು.

ಊಟಕ್ಕೆ ಅನ್ನ, ಕೋಳಿ ಗಸಿ, ಪಲ್ಯ, ಸೌತೆ ಸಾಂಬಾರು, ಕಡಲೆಬೇಳೆ ಪಾಯಸ. ನಮ್ಮನ್ನು ಮೊದಲ ಪಂಕ್ತಿಯಲ್ಲಿ ಕೂರಿಸಲಿಲ್ಲ. ಬಡಿಸಲು ಬಕೆಟ್ಟು, ಸೌಟು ಕೊಟ್ಟರು. ನನ್ನ ಪಾಲಿಗೆ ಗಸಿ ಬಂತು. ಹಂಚಿನ ಅಜ್ಜನಿಗೆ ಬಡಿಸುವಾಗ ಅವರು ನೋಡಿ, "ಧಾರಾಳ ಹಾಕು ಮಗಾ, ನಿನ್ನದೇ ಕಾಯಿ ಅಲ್ವಾ" ಅಂದರು. ಕೊನೆಯ ಪಂಕ್ತಿಯಲ್ಲಿ ಅಡುಗೆಯವರ ಜೊತೆ ಕೂತು ನಾವು ಉಂಡಾಗ ಮೂರು ಗಂಟೆ. ಅಂಥ ಗಸಿ ನಾನು ಬೇರೆಲ್ಲೂ ಉಂಡಿಲ್ಲ.

ಸೋಮವಾರ

ಬೆಳಿಗ್ಗೆಯ ಬಸ್ಸು. ಟೀಚರ್ ನಾಲ್ಕು ಗಂಟೆಗೇ ಎದ್ದು ದಾರಿಗೆ ಬುತ್ತಿ ಕಟ್ಟಿದ್ದರು. ಹಪ್ಪಳ, ಉಪ್ಪಿನಕಾಯಿ, ಒಣಮೀನು, ತೆಂಗಿನಕಾಯಿ ಎಲ್ಲ ಸೇರಿ ಡಿಕ್ಕಿಯಲ್ಲಿ ಬರುವಾಗಿನಕ್ಕಿಂತ ಜಾಸ್ತಿ ಸಾಮಾನು.

ಹೊರಡುವ ಮೊದಲು ಸಭಾಪಾಲಕರ ಜಗಲಿಯಲ್ಲಿ ಕೂತು ಒಂದು ವಿಷಯ ಪಕ್ಕಾ ಮಾಡಿಕೊಂಡೆವು. ಏಪ್ರಿಲ್ ರಜೆಯಲ್ಲಿ ಅವರು ಧಾರವಾಡಕ್ಕೆ ಬರುತ್ತಾರೆ. ಯುವಜನರ ಜೊತೆ ಟೀಚರ್ ಕೂಡ. ಅಡುಗೆ ಅಂಕಲ್ ಬ್ಯಾಡಗಿ ಸಂತೆ ನೋಡಲೇಬೇಕಂತೆ. ಊರಿಗೆ ಬಂದ ವಾರವೇ ನಮ್ಮ ಸಮಿತಿ ಸೇರಿತು. ಯಾರ ಮನೆಯಲ್ಲಿ ಯಾರು ಅಂತ ಪಟ್ಟಿ ಆಗಿದೆ, ಟೀಚರ್ ನಮ್ಮ ಮನೆಗೆ. ಒಬ್ಬ ಹಿರಿಯರು, ಅಷ್ಟು ದೂರದಿಂದ ಬರೋರು, ದಣಿಸೋದು ಬ್ಯಾಡ, ದಾಂಡೇಲಿ ತೋರಿಸಿ ಕಳಿಸೋಣ ಅಂದರು. ಹೋಗಿ ಬಂದವರೆಲ್ಲ ಒಟ್ಟಿಗೆ ಬೇಡ ಅಂದೆವು. ನಮ್ಮ ಚರ್ಚಿನ ಕಾಂಪೌಂಡ್ ಗೋಡೆ ಒಂದು ಕಡೆ ಕುಸಿದು ಬಿದ್ದಿದೆ. ಕಲ್ಲು, ಮರಳು ತರಿಸಿಟ್ಟ ಮೇಲೆ ಅದನ್ನು ಅವರ ಜೊತೆ ಸೇರಿಯೇ ಕಟ್ಟೋದು ಅಂತ ತೀರ್ಮಾನ ಆಗಿದೆ. ಟೀಚರಿಗೆ ರೊಟ್ಟಿ ಬಡಿಯೋದು ಕಲಿಸುವ ಕೆಲಸವನ್ನು ಅವ್ವ ತಾನೇ ವಹಿಸಿಕೊಂಡಿದ್ದಾಳೆ.